ನಾಲ್ಕು ಕಡೆ ಕಂಡದ್ದು ಒಂದೇ

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ ಅದು ಅವನ ಕಥೆ ಎಂದು ನೀವು ಗೋಡೆಗೆ ಒರಗಿ ಆರಾಮಾಗಿ ಕೇಳುತ್ತೀರಿ. ಕೆಟ್ಟವನಲ್ಲ. ತಾಯಿಯ ನೆನಪಿಗೆ ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿದ್ದ. ಆದರೆ ಅವನಿಗೂ ಒಂದು ರೋಗವಿತ್ತು: ಎಲ್ಲದರ ಕೀಲಿಯೂ ತನ್ನ ಸೊಂಟದಲ್ಲೇ ಇರಬೇಕು. ಔಷಧದ ಕಪಾಟಿನ ಕೀಲಿ, ಆಂಬುಲೆನ್ಸಿನ ಕೀಲಿ, ನೀರಿನ ಟಾಕಿಯ ಕೋಣೆಯ ಕೀಲಿ. ನಗಬೇಡಿ. ಮನೆಯ ಸಕ್ಕರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದವರು ಇಲ್ಲೇ ಎಷ್ಟು ಜನ ಕೂತಿದ್ದೀರಿ?

ಆ ಆಸ್ಪತ್ರೆಯ ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ರೋಗಿಯ ಚೀಟಿ, ಪರೀಕ್ಷೆಯ ವರದಿ, ಯಾವ ಗುಂಪಿನ ರಕ್ತ ಎಲ್ಲಿ ಇದೆ ಎನ್ನುವುದು, ಎಲ್ಲವೂ. ಅದಕ್ಕೆಂದು ನಾಲ್ಕು ದೊಡ್ಡ ಸರ್ವರ್‌ಗಳು. ಒಂದು ನಿಂತರೆ ಉಳಿದ ಮೂರು ಅದರ ಹೊರೆ ಹೊರುತ್ತವೆ. ಅವನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು. ಕೆಲಸದಲ್ಲಿ ಗಟ್ಟಿ, ಬಾಯಿಯೂ ಗಟ್ಟಿ.

ಈಗ ಸ್ವಲ್ಪ ಗಮನ ಕೊಡಿ. ಡಾಕ್ಟರು ಕೇಳಿದ್ದನ್ನು ಒಳಗಿನ ಕಡತಗಳಿಂದ ಹುಡುಕಿ ತಂದುಕೊಡಲು ನಡುವೆ ಒಂದು ತಂತ್ರಾಂಶ ಇರುತ್ತದೆ. ಮಿಡಲ್‌ವೇರ್ ಎನ್ನುತ್ತಾರೆ. ಪಂಕ್ತಿಗೂ ಅಡುಗೆಮನೆಗೂ ನಡುವೆ ಓಡಾಡಿ ಬಡಿಸುವವನಿದ್ದಂತೆ. ನಾಲ್ಕು ಸರ್ವರ್‌ಗಳಿಗೂ ಅದು ಬೇಕು. ಅವಳು ನಾಲ್ಕು ಕಡೆ ನಾಲ್ಕು ಸಲ ಹಾಕಲಿಲ್ಲ. ಪಕ್ಕದ ಕೋಣೆಯಲ್ಲಿ ಒಂದು ಸಂಗ್ರಹದ ಪೆಟ್ಟಿಗೆ ಇಟ್ಟಳು, ಅದರಲ್ಲಿ ಒಂದೇ ಸಲ ಹಾಕಿದಳು, ಅಲ್ಲಿಂದ ನಾಲ್ಕಕ್ಕೂ ತಂತಿ ಎಳೆದಳು. ಒಂದೊಂದು ಸರ್ವರಿನ ದಿನಚರಿ ಅದರದರ ಹತ್ತಿರ; ತಂತ್ರಾಂಶ ಮಾತ್ರ ಎಲ್ಲಕ್ಕೂ ಸೇರಿ ಒಂದು. ಯಾವ ಸರ್ವರಿನ ಮುಂದೆ ಕೂತು ನೋಡಿದರೂ ಅದು ಅಲ್ಲೇ ಇದ್ದಂತೆ ಕಾಣುತ್ತದೆ. ಇರುವುದು ಮಾತ್ರ ಅಲ್ಲಲ್ಲ! ನಾಲ್ಕು ಕಡೆ ಕಾಣುತ್ತದೆ, ಇರುವುದು ಒಂದೇ ಕಡೆ. ಮನುಷ್ಯರ ಕೈಯಲ್ಲಿ ಇಂಥದ್ದು ಆಗುತ್ತದಲ್ಲ, ಮೈ ಜುಮ್ಮೆನ್ನುವುದಿಲ್ಲವೇ?

ಅವಳು ಸಾಹುಕಾರನಿಗೆ ಹೇಳಿದಳು: "ಈ ಪೆಟ್ಟಿಗಿಗೆ ಬೀಗ ಬಿಗೀತೀನ್ರಿ ಸಾವ್ಕಾರ್ರ. ಸರ್ವರು ಬರೇ ಓದಬೇಕು, ಯಾರೂ ಅಳಸಬಾರದು."

"ನನಗೂ ಬೀಗ ಏನವ್ವಾ? ದವಾಖಾನಿ ಯಾರದು?"

"ನಿಮ್ಮದರೀ. ಆದ್ರ ಇದು..."

"ಆದ್ರ ಗೀದ್ರ ಬ್ಯಾಡ. ಅಳಸೂದು, ಬರೆಯೂದು, ಎಲ್ಲಾ ಕೀಲಿ ನನ್ನ ಕೈಯಾಗ ಇರ್ಲಿ."

ಕೊಟ್ಟಳು. ಒಂದೇ ಕಡೆ ಇರುವ ವಿಷಯ ಅವಳು ಬಿಡಿಸಿ ಹೇಳುವಾಗ ಇವನು ಫೋನಿನಲ್ಲಿ ಮಾತಾಡುತ್ತಿದ್ದ.

ಆಯುಧ ಪೂಜೆ ಬಂತು. ಆ ಆಸ್ಪತ್ರೆಯ ಪದ್ಧತಿ ಏನೆಂದರೆ, ಸರ್ವರ್‌ಗಳನ್ನು ಒಂದೊಂದಾಗಿ ಆಫ್ ಮಾಡಿ, ಕುಂಕುಮ ಹಚ್ಚಿ, ಆರತಿ ಎತ್ತಿ, ಮತ್ತೆ ಆನ್ ಮಾಡುವುದು. ಎಲ್ಲರೂ ಆಂಬುಲೆನ್ಸಿಗೆ ಬಾಳೆಕಂಬ ಕಟ್ಟುತ್ತಿದ್ದಾಗ ಸಾಹುಕಾರ ಒಬ್ಬನೇ ಸರ್ವರ್ ಕೋಣೆಗೆ ಬಂದ. ಬಟ್ಟೆ ಹಿಡಿದು ಧೂಳು ಒರೆಸಿದ. ಅಷ್ಟಕ್ಕೆ ಬಿಡಬೇಕೋ ಬೇಡವೋ? ಹೊರಗೆ ಒರೆಸಿದರೆ ಸಾಕೇ, ಒಳಗಿನ ಕಸವನ್ನೂ ತೆಗೆಯೋಣ ಎಂದು ಕೂತ. ಮೊದಲನೆಯದನ್ನು ತೆರೆದ, ಒಂದು ದೊಡ್ಡ ಫೋಲ್ಡರ್ ಕಂಡಿತು. ಎರಡನೆಯದರಲ್ಲೂ ಅದೇ. ಮೂರರಲ್ಲೂ ಅದೇ. ನಾಲ್ಕರಲ್ಲೂ ಅದೇ. ಅವನಿಗೆ ನಗು ಬಂತು. ಬುದ್ಧಿವಂತೆ ಎಂದುಕೊಂಡಿದ್ದೆ, ಒಂದೇ ಸಾಮಾನನ್ನು ನಾಲ್ಕು ಕಡೆ ತುಂಬಿಟ್ಟಿದ್ದಾಳಲ್ಲ! ಒಂದು ಇದ್ದರೆ ಸಾಕು. ನಾಲ್ಕನೆಯದರಲ್ಲಿ ಇದ್ದದ್ದನ್ನು ಅಳಿಸಿದ.

ಮೂರನೆಯದನ್ನು ಅಳಿಸಲು ಹೋದ. ಅಲ್ಲಿಯೂ ಇಲ್ಲ. ಎರಡನೆಯದರಲ್ಲಿ? ಇಲ್ಲ. ಮೊದಲನೆಯದರಲ್ಲಿ? ಇಲ್ಲ.

ಮುಟ್ಟಿದ್ದು ಒಂದನ್ನು, ಹೋದದ್ದು ನಾಲ್ಕೂ. ಓಡಿಹೋಗಿ ಹೊರಗೆ ನೋಡಿದ. ಆಶ್ಚರ್ಯವೆಂದರೆ, ಚೀಟಿ ಬರುತ್ತಿದೆ, ವರದಿ ಬರುತ್ತಿದೆ, ಆಸ್ಪತ್ರೆ ನಡೆಯುತ್ತಲೇ ಇದೆ! ಅಬ್ಬಾ, ಏನೂ ಆಗಿಲ್ಲ ಎಂದುಕೊಂಡ. ಯಾರಿಗೂ ಹೇಳಲಿಲ್ಲ. ನೋಡಿ, ತಪ್ಪು ಮಾಡಿದ ಮರುಗಳಿಗೆ ಸಿಡಿಲು ಬೀಳದಿದ್ದರೆ ನಾವೂ ಹಾಗೇ ಅಲ್ಲವೇ?

ಬಾಗಿಲಲ್ಲಿ ಒಬ್ಬ ನರ್ಸ್ ಎದುರಾದಳು. "ಬಾಣಂತಿಗೆ ರಕ್ತ ನಿಲ್ಲವಲ್ದರೀ ಸಾವ್ಕಾರ್ರ. ಹೊಂದೂ ರಕ್ತ ಎಲ್ಲೈತಿ ಅಂತ ಕಂಪ್ಯೂಟರಿನಾಗ ಹುಡುಕಾಕತ್ತೀವಿ," ಎಂದವಳೇ ಓಡಿದಳು.

ಅಷ್ಟರಲ್ಲಿ ಆರತಿ ತಟ್ಟೆ ಹಿಡಿದು ಎಲ್ಲರೂ ಒಳಗೆ ಬಂದರು. ಹೆಣ್ಣುಮಗಳು ಮೊದಲನೆಯ ಸರ್ವರನ್ನು ಆಫ್ ಮಾಡಿದಳು. ಸಾಹುಕಾರ ಸುಮ್ಮನಿದ್ದ. ಕುಂಕುಮ, ಹೂವು, ಆರತಿ. ಆನ್ ಮಾಡಿದಳು. ಏಳಲಿಲ್ಲ. ಇನ್ನೊಮ್ಮೆ ಮಾಡಿದಳು. ಏಳಲಿಲ್ಲ.

"ಏನವ್ವಾ, ನಿನ್ನ ಸರ್ವರು ಉಪವಾಸ ಐತೇನು?" ಎಂದರು ಪೂಜಾರಿ. "ಮುಹೂರ್ತ ಹೊಂಟೈತಿ, ಮುಂದಿಂದು ಮಾಡು."

"ಇದರದ ಏನೋ ತೊಂದ್ರಿ ಇರಬೇಕ್ರಿ ಅಜ್ಜಾರ. ಆಮ್ಯಾಲೆ ನೋಡತೀನಿ. ಮೂರು ನಡದಾವಲ್ಲ," ಎನ್ನುತ್ತ ಅವಳು ಎರಡನೆಯದರ ಗುಂಡಿಗೆ ಬೆರಳು ಚಾಚಿದಳು.

ಆ ಕೋಣೆಯಲ್ಲಿ ಹದಿನೈದು ಜನ. ಆಫ್ ಆದದ್ದು ಇನ್ನು ಏಳುವುದಿಲ್ಲವೆಂದು ಗೊತ್ತಾದವನು ಒಬ್ಬನೇ. ಒಳಗೊಬ್ಬಳ ಜೀವ ಆ ಪರದೆಯ ಮೇಲೆ ನಿಂತಿದೆಯೆಂದು ಗೊತ್ತಿದ್ದವನೂ ಅಲ್ಲಿ ಅವನೊಬ್ಬನೇ. ಕಸ ಗುಡಿಸುವವರಿಂದ ಡಾಕ್ಟರವರೆಗೆ ಎಲ್ಲರೂ ಕೈಮುಗಿದು ಸಾವ್ಕಾರ್ರು ಎನ್ನುವ ಮನುಷ್ಯ. ಇಷ್ಟು ಜನರ ಮುಂದೆ ಹೇಗೆ ಹೇಳಲಿ ಎಂದು ಮಾನ ಹಿಡಿದು ಎಳೆಯಿತು.

"ತಂಗೀ, ಬ್ಯಾಡ!" ಹೋಗಿ ಅವಳ ಕೈ ಹಿಡಿದ. "ನಾನು ಅಳಸೀನಿ. ಕಸ ಅಂತ ತಿಳದು ನಾಕನೇದರಾಗಿಂದು ಅಳಸಿದೆ. ಎಲ್ಲಾ ಹೋತು. ಹೇಳದ ನಿಂತಿದ್ದೆ."

ಅವಳು ಕೈ ಬಿಡಿಸಿಕೊಂಡಳು. "ಬೆಂಕಿ ಹಚ್ಚಿದಿರಲ್ಲೋ ಯಪ್ಪಾ! ಅದು ನಾಕನೇದರದಲ್ಲ, ಎಲ್ಲಾದ್ರದೂ ಅದ! ಈ ಮೂರೂ ಮೊದಲ ಓದಿದ್ದನ್ನ ನೆನಪಿನಾಗ ಹಿಡಕೊಂಡು ನಡದಾವ. ಒಂದು ಹೊಸಾ ಕೆಲಸ ಕೇಳಿದ್ರ ನಿಂತಾವು. ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದು ಪಕ್ಕದ ಕೋಣೆಗೆ ಓಡಿದಳು.

ಆ ಪೆಟ್ಟಿಗೆ ದಿನವೂ ಬೆಳಗಿನ ಜಾವ ತನ್ನದೊಂದು ನಕಲನ್ನು ತಾನೇ ತೆಗೆದಿಟ್ಟುಕೊಳ್ಳುವಂತೆ ಅವಳು ಮಾಡಿಟ್ಟಿದ್ದಳು. ಅದನ್ನು ಹೊರತೆಗೆದು ಅಳಿಸಿದ ಜಾಗದಲ್ಲಿ ಕೂರಿಸಿದಳು. ಒಂದೇ ಜಾಗದಲ್ಲಿ.

ಸಾಹುಕಾರ ಸರ್ವರ್‌ಗಳ ಮುಂದೆ ನಿಂತೇ ಇದ್ದ. ನಾಲ್ಕನೆಯದರ ಪರದೆಯಲ್ಲಿ ಫೋಲ್ಡರ್ ಮೂಡಿತು. ಯಾರೂ ಮುಟ್ಟಿಲ್ಲ! ಮೂರನೆಯದಕ್ಕೆ ಓಡಿದ, ಅಲ್ಲಿ ಮೂಡಿದೆ. ಎರಡನೆಯದರಲ್ಲೂ ಮೂಡಿದೆ. ಅವಳು ಬಂದು ಮೊದಲನೆಯದನ್ನು ಎಬ್ಬಿಸಿದಳು, ಎದ್ದಿತು. ಅದು ಎದ್ದ ಮೇಲೆ ಎರಡನೆಯದನ್ನು ಆಫ್ ಮಾಡಿ ಎಬ್ಬಿಸಿದಳು, ಅದರ ಮೇಲೆ ಮೂರು, ನಾಲ್ಕು. ನಾಲ್ಕು ಮೈ, ಒಂದೇ ಜೀವ. ಅವನು ಚಪ್ಪಲಿ ಕಳಚಿದ್ದು ಅವನಿಗೇ ಗೊತ್ತಾಗಲಿಲ್ಲ. ಇಷ್ಟು ವರ್ಷ ಪೂಜೆ ಮಾಡಿಸಿದ್ದ, ಕೈ ಮುಗಿದದ್ದು ಅವತ್ತು.

ಸ್ವಲ್ಪ ಹೊತ್ತಿಗೆ ನರ್ಸ್ ಬಂದಳು. "ರಕ್ತ ಸಿಕ್ಕಿತ್ರಿ. ಬಾಣಂತಿ ಕಣ್ಣು ಬಿಟ್ಟಾಳ." ರಕ್ತ ಎಲ್ಲಿದೆಯೆಂಬ ಪಟ್ಟಿಯನ್ನು ತಂದುಕೊಟ್ಟದ್ದು ಯಾವ ಸರ್ವರು ಗೊತ್ತೇ? ಆಫ್ ಮಾಡಲು ಅವಳು ಬೆರಳು ಚಾಚಿದ್ದ ಅದೇ ಎರಡನೆಯದು.

ಈಗ ನಿಮ್ಮ ಕಡೆ ಬರೋಣ. ಫೋನು ಕೆಳಗಿಡಿ. ನನ್ನ ಮನೆ, ನನ್ನ ಜಾಗ, ನನ್ನ ಬಾಯಿ, ನಿನಗೇನು ಎನ್ನುತ್ತೀರಲ್ಲ, ಯಾವುದಯ್ಯಾ ನಿನ್ನದು? ಊರಿನ ನೀರಿನ ಪೈಪಿಗೆ ಮೋಟಾರು ಹಚ್ಚಿ ಎಳೆಯುವಾಗ ನಿನ್ನ ನಲ್ಲಿ ಮಾತ್ರ ಕಾಣುತ್ತದೆ. ಕೊನೆಯ ಮನೆಯ ಬಿಂದಿಗೆ ಕಾಣುತ್ತದೆಯೇ? ಸೊಸೆಗೊಂದು ಮಾತು ಚುಚ್ಚಿದೆ, ಅವಳಿಗೆ ಮಾತ್ರ ತಾಗಿತು ಎಂದುಕೊಂಡೆ. ಅವತ್ತು ಆ ಮನೆಯಲ್ಲಿ ಯಾರಿಗೆ ಅನ್ನ ಇಳಿಯಿತು? ಕಾಣುವುದು ನಾಲ್ಕು, ಇರುವುದು ಒಂದು. ಒಂದು ಮೂಲೆಯಲ್ಲಿ ಕೆಡಿಸಿದ್ದು ನಾಲ್ಕೂ ಕಡೆ ಕೆಡುತ್ತದೆ. ಭಯಪಡಿ ಎನ್ನುವುದಿಲ್ಲ, ಬೆರಗಾಗಿ. ಒಂದು ಕಡೆ ಸರಿಮಾಡಿದ್ದೂ ಹಾಗೆಯೇ ನಾಲ್ಕೂ ಕಡೆ ಮುಟ್ಟುತ್ತದೆ!

ಆದ್ದರಿಂದ ನಾಳೆಯಿಂದ ಏನನ್ನಾದರೂ ಕೀಳುವ, ಕಡಿಯುವ, ಮುಚ್ಚುವ ಮೊದಲು ಒಂದು ಮಾತು ಕೇಳಿ: ಇದು ಇನ್ನು ಯಾರಿಗೆ ಬೇಕಾಗಿದೆ? ಆಯ್ತು, ಅದು ನಾಳೆಗೆ. ಇವತ್ತಿನದು ಬೇರೆ ಇದೆ. ಕೆಡಿಸಿದ ಮೇಲೂ ಎಲ್ಲ ನಡೆಯುತ್ತಿದೆಯಲ್ಲ ಎಂದು ಬಾಯಿ ಮುಚ್ಚಿಕೊಂಡು ಕೂತಿದ್ದೀರಲ್ಲ, ಆ ಒಂದು ಕೆಲಸ ಯಾವುದೆಂದು ನಿಮ್ಮ ನಿಮ್ಮ ಎದೆಗೆ ಗೊತ್ತು. ಯಾರಿಗೆ ಹೇಳಬೇಕೆಂಬುದೂ ಗೊತ್ತು. ಅವರು ಇಲ್ಲೇ ಕೂತಿದ್ದರೂ ಕೂತಿರಬಹುದು. ಪ್ರಸಾದ ಎಲ್ಲೂ ಓಡಿಹೋಗುವುದಿಲ್ಲ. ಮೊದಲು ಎದ್ದು ಹೋಗಿ ಹೇಳಿ.