ಚನ್ನಾಜಮ್ಮ ಅರಿಸಿನದ ಗಡುವು ಬದಲಾಯಿಸಿದ ಕತೆ

ಕೇಳ್ರಪ್ಪ, ಕೇಳ್ರವ್ವ, ಇನ್ನೊಂಚೂರು ಹತ್ತಿರ ಬಂದು ಕೂತ್ಕೊಳ್ಳಿ. ಬೆಟ್ಟ ಮುಗಿದು ಬಯಲು ಶುರುವಾಗೋ ಕಡೆ ಒಂದು ಸೀಮೆ ಇತ್ತು. ಹೆಸರು ಮಾತ್ರ ಕೇಳ್ಬೇಡಿ, ನನಗೆ ಕತೆ ಹೇಳಿದ ಅಜ್ಜಿಗೇ ಅದು ಮರೆತುಹೋಗಿತ್ತು. ಅಲ್ಲೊಂದು ಊರಲ್ಲಿ ಜನಾನೇ ಸೇರಿ ಕಟ್ಟಿಕೊಂಡ ಒಂದು ಬ್ಯಾಂಕಿತ್ತು. ಕುರಿ ಮಾರಿದೋರು, ಮಡಕೆ ಮಾರಿದೋರು, ಹಾಲು ಮಾರಿದೋರು ಅಲ್ಲಿ ದುಡ್ಡಿಡೋರು. ಅದನ್ನೇ ಬೇಸಾಯಕ್ಕೆ ಬೇಕಾದೋರಿಗೆ ಸಾಲ ಕೊಡೋರು.

ಆ ಬ್ಯಾಂಕಿಗೆ ಚನ್ನಾಜಮ್ಮ ಅನ್ನೋ ಹುಡುಗಿ ಕೆಲಸಕ್ಕೆ ಸೇರಿದಳು. ಮೊದಲು ಏನು ಕೆಲಸ? ಓದು ಬಾರದೋರಿಗೆ ಚೀಟಿ ಬರೆದುಕೊಡೋದು. ಆಮೇಲೆ? ಪಾಸ್‌ಬುಕ್ ತುಂಬೋದು. ಆಮೇಲೆ? ಸಾಲ ಕೇಳಿದೋರ ಹೊಲ ನೋಡಿಕೊಂಡು ಬರೋದು. ಅವಳಿಗಿಂತ ಮುಂಚೆ ಇದ್ದೋರು ರಸ್ತೇಲೇ ಗಾಡಿ ನಿಲ್ಲಿಸಿ, ಅಲ್ಲಿಂದಲೇ ನೋಡಿ ಹೋಗ್ತಿದ್ರು. ಇವಳು ಚಪ್ಪಲಿ ಬದುವಿನ ಮೇಲೆ ಬಿಟ್ಟು ಬೆಳೆ ಸಾಲಿನೊಳಗೆ ಇಳಿಯೋಳು. ಯಾವ ಬೆಳೆಗೆ ಎಷ್ಟು ನೀರು, ಯಾವುದಕ್ಕೆ ಎಷ್ಟು ದಿನ, ಎಲ್ಲ ಕೇಳೋಳು. ಕೇಳಿದ್ದನ್ನ ಮರೀತಿರಲಿಲ್ಲ.

ಒಂದಿನ ಹಳ್ಳದಾಚೆ ಹಟ್ಟಿಗೆ ಹೋದಳು. ಅಲ್ಲಿ ಪುಟ್ಟಮಾದು ಅನ್ನೋ ರೈತ ಎಳೇ ಅರಿಸಿನ ಅಗೀತಾ ಇದ್ದ. ಗೆಡ್ಡೆ ಇನ್ನೂ ಕಿರುಬೆರಳಿನಷ್ಟೂ ದಪ್ಪ ಆಗಿಲ್ಲ. ಯಾಕಣ್ಣ ಈಗ್ಲೇ ಅಗೀತೀಯ ಅಂತ ಕೇಳಿದಳು.

"ಸಂಕ್ರಾಂತಿಗೆ ನಿಮ್ಮ ಸಾಲ ಕಟ್ಟಬೇಕಲ್ಲವ್ವ" ಅಂದ. ಅವನ ದನೀಲಿ ಸಿಟ್ಟೇನೂ ಇರಲಿಲ್ಲ. ಅದೇ ಅವಳನ್ನ ಚುಚ್ಚಿದ್ದು.

ನೋಡಿ, ಆ ಗಡುವು ಮಾಡಿದ್ದು ರಾಗಿಗೆ. ರಾಗಿ ಸಂಕ್ರಾಂತಿ ಹೊತ್ತಿಗೆ ಮನೆಗೆ ಬರುತ್ತೆ. ಅರಿಸಿನ ಒಂಬತ್ತು ತಿಂಗಳು ಮಣ್ಣಲ್ಲಿರಬೇಕು, ಆಮೇಲೆ ಬೇಯಬೇಕು, ಒಣಗಬೇಕು. ಹಟ್ಟಿಯ ನಲವತ್ತು ಮನೆಯೋರೂ ಪ್ರತಿ ವರ್ಷ ಎಳೇ ಗೆಡ್ಡೆ ಕಿತ್ತು, ಸಿಕ್ಕಿದ ಬೆಲೆಗೆ ಮಾರಿ ಸಾಲ ತೀರಿಸ್ತಿದ್ರು. ಆಮೇಲೆ ಬಿತ್ತನೆಗೆ ಕಾಸಿಲ್ಲದೆ ಮತ್ತೆ ಸಾಲ ಕೇಳ್ತಿದ್ರು.

ಚನ್ನಾಜಮ್ಮ ಮ್ಯಾನೇಜರ್ ಗುರುಮಲ್ಲಪ್ಪನೋರ ಹತ್ತಿರ ಹೋಗಿ, ಅರಿಸಿನದ ಸಾಲಕ್ಕೆ ಯುಗಾದಿ ತನಕ ಗಡುವು ಕೊಡಿ ಅಂದಳು. ಮೊದಲನೇ ವರ್ಷ ಆಗಲ್ಲ ಅಂದ್ರು. ಎರಡನೇ ವರ್ಷ ನೋಡೋಣ ಅಂದ್ರು. ಮೂರನೇ ವರ್ಷ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ್ರು: "ಬರ್ಕೋ ಕಣವ್ವ. ಆದ್ರೆ ಯುಗಾದಿಗೆ ದುಡ್ಡು ಬರದೆ ಹೋದ್ರೆ ನಿನ್ನನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅವಳು ಬರೆದಳು. ನಲವತ್ತು ಮನೆಗೂ ಬರೆದಳು.

ಸಂಕ್ರಾಂತಿ ಬಂತು, ಹೋಯ್ತು. ಹಳ್ಳದಾಚೆಯಿಂದ ಒಂದು ಕಾಸೂ ಬರಲಿಲ್ಲ, ಬರೋ ಹಾಗೂ ಇರಲಿಲ್ಲ. ಆವಾಗ ಬ್ಯಾಂಕಿನ ಜವಾನ ಜವರಯ್ಯ ನೆಲ ತೊಳೆಯೋಕೆ ಅಂತ ದುಡ್ಡಿನ ಪೆಟ್ಟಿಗೆ ಸರಿಸಿದ. ಟೀ ಅಂಗಡೀಲಿ ಕೂತು, ಪೆಟ್ಟಿಗೆ ಈ ಸಲ ಬಲು ಹಗುರ ಕಣಪ್ಪ ಅಂದ. ಪಾಪ, ಅವನ ಮನಸ್ಸಲ್ಲಿ ಏನೂ ಇರಲಿಲ್ಲ. ಆದ್ರೆ ಟೀ ಅಂಗಡೀಲಿ ಹಗುರ ಇದ್ದ ಪೆಟ್ಟಿಗೆ ನಲ್ಲಿ ಹತ್ತಿರ ಬರೋ ಹೊತ್ತಿಗೆ ಅರ್ಧ ಆಯ್ತು. ರಾಗಿ ಮಿಲ್ಲಿನ ಹತ್ತಿರ ಬರೋ ಹೊತ್ತಿಗೆ ಪೂರಾ ಖಾಲಿ ಆಯ್ತು.

ಮೊದಲನೇ ದಿನ ಐದು ಜನ ಬಂದು ತಮ್ಮ ದುಡ್ಡು ವಾಪಸ್ ಕೇಳಿದ್ರು. ಚನ್ನಾಜಮ್ಮ ಕೊಟ್ಟಳು. ಎರಡನೇ ದಿನ ಐವತ್ತು ಜನ. ಕೊಟ್ಟಳು, ಆದ್ರೆ ಪೆಟ್ಟಿಗೆ ತಳ ಕಾಣೋಕೆ ಶುರುವಾಯ್ತು. ಮೂರನೇ ದಿನ ಬಾಗಿಲು ತೆಗೆಯೋ ಮುಂಚೆ ಊರಿಗೂರೇ ನಿಂತಿತ್ತು. ಗುರುಮಲ್ಲಪ್ಪನೋರು ಲೆಕ್ಕದ ಪುಸ್ತಕ ಮತ್ತೆ ಮತ್ತೆ ತಿರುವಿ ಹಾಕ್ತಿದ್ರು. ಜವರಯ್ಯ ಮೂಲೇಲಿ ಕೂತು, ಎಲ್ಲ ನನ್ನಿಂದಾನೇ ಆಯ್ತು ಅಂತ ಕಣ್ಣೊರೆಸ್ಕೊಳ್ತಿದ್ದ. ಮಧ್ಯಾಹ್ನದ ತನಕ ಕೊಡೋಕೂ ಪೆಟ್ಟಿಗೇಲಿರೋ ದುಡ್ಡು ಸಾಲದು. ಬಾಗಿಲು ಹಾಕಿದ್ರೆ ಬ್ಯಾಂಕಿನ ಕತೆ ಅಲ್ಲಿಗೇ ಮುಗೀತು. ಏನು ಮಾಡ್ತಾಳೆ ಹೇಳಿ?

ಸಾಲಿನ ಮುಂದೆ ಸಣ್ಣಮಾದಮ್ಮ ಅನ್ನೋ ಮುದುಕಿ ನಿಂತಿದ್ದಳು. ಇಪ್ಪತ್ತು ವರ್ಷ ಮಡಕೆ ಮಾರಿ, ಮಳೇಲಿ ಸೋರದಂಥ ಮನೆ ಕಟ್ಟಬೇಕು ಅಂತ ಕೂಡಿಟ್ಟೋಳು. ಚನ್ನಾಜಮ್ಮ ಅವಳ ಮುಂದೆ ಬಂದು ನಿಂತು, ಇದ್ದದ್ದನ್ನ ಇದ್ದ ಹಾಗೇ ಹೇಳಿದಳು.

"ದೊಡ್ಡವ್ವ, ನಿನ್ನ ದುಡ್ಡು ಪೆಟ್ಟಿಗೇಲಿಲ್ಲ. ನಾನು ಅದನ್ನ ಹಳ್ಳದಾಚೆ ಸಾಲ ಕೊಟ್ಟಿದ್ದೀನಿ. ಎಲ್ಲಿದೆ ಅಂತ ತೋರಿಸ್ತೀನಿ ಬಾ. ನೋಡಿದ ಮೇಲೂ ಬೇಕು ಅಂದ್ರೆ, ಇವತ್ತೇ ಇರೋದರಲ್ಲಿ ಮೊದಲು ನಿನಗೇ ಕೊಡ್ತೀನಿ."

ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡಿ ಮೊಗ ಅಂದಳು. ಮುದುಕಿ ಹೊರಟ ಮೇಲೆ ಜನಾನೂ ಹಿಂದೆ ಹೊರಟ್ರು. ಕೆಲವರು ಬೈಕೊಂಡೇ ಬಂದ್ರು.

ಹಳ್ಳ ದಾಟಿದ್ರೆ ಏನು ಕಾಣ್ಬೇಕು? ಹೊಲಕ್ಕೆ ಹೊಲವೇ ಒಣಗಿ ನಿಂತಿದೆ, ಎಲೆಯೆಲ್ಲ ಮಲಗಿಬಿಟ್ಟಿದೆ. ಈ ಊರೋರು ರಾಗಿ ಬೆಳೆಯೋರು, ಅರಿಸಿನ ಕಂಡೋರಲ್ಲ. ಬೆಳೆ ಸತ್ತೇ ಹೋಗಿದೆ ಅಂತ ಗೊಣಗಾಟ ಶುರುವಾಯ್ತು. ಎಲೆ ಒಣಗೋದು ಗೆಡ್ಡೆ ಬಲೀತಾ ಇರೋ ಗುರುತು ಅಂತ ಚನ್ನಾಜಮ್ಮನಿಗೆ ಗೊತ್ತಿತ್ತು. ಆದ್ರೂ ಮಣ್ಣೊಳಗೆ ಏನಿದೆ ಅಂತ ಆ ವರ್ಷ ಯಾರೂ ಅಗೆದು ನೋಡಿರಲಿಲ್ಲ.

ಪುಟ್ಟಮಾದು ಗುದ್ದಲಿ ತಂದ. ಒಂದೇಟು ಹಾಕಿದ, ಮಣ್ಣು ಬಂತು. ಎರಡನೇ ಏಟು ಹಾಕಿದ, ಬೇರು ಬಂತು. ಮೂರನೇ ಏಟಿಗೆ ಮೀಟಿ ಎತ್ತಿದ. ಹಸುಗೂಸಿನ ತಲೆಯಷ್ಟು ದಪ್ಪ ಗೆಡ್ಡೆ ಮೇಲೆ ಬಂತು. ಮುರಿದ್ರೆ ಒಳಗೆ ಕೆಂಡದ ಬಣ್ಣ. ಅದರ ಘಮ ಹಿಂದೆ ನಿಂತೋರ ತನಕ ಹೋಯ್ತು. ಇನ್ನೊಂದು ಹೊಲದಲ್ಲಿ ಅಗೆದ್ರು, ಹಾಗೇ ಇತ್ತು. ಮತ್ತೊಂದರಲ್ಲಿ ಅಗೆದ್ರು, ಅದಕ್ಕಿಂತ ದಪ್ಪ ಇತ್ತು.

ಸಣ್ಣಮಾದಮ್ಮ ಗೆಡ್ಡೆ ಕೈಲಿ ಹಿಡಿದು ತೂಗಿ ನೋಡಿದಳು. "ನನ್ನ ದುಡ್ಡು ಇಲ್ಲೇ ಇರ್ಲಿ ಬುಡು ಮೊಗ" ಅಂದಳು. "ಇದನ್ನ ಈಗ ಕಿತ್ರೆ ಪಾಪ."

ಅಷ್ಟೇ. ಜನ ಒಬ್ಬೊಬ್ಬರಾಗಿ ಮನೆ ದಾರಿ ಹಿಡಿದ್ರು. ಹಿಂದಿನ ದಿನ ದುಡ್ಡು ತಗೊಂಡೋರಲ್ಲಿ ಹತ್ತಾರು ಜನ ಸಾಯಂಕಾಲಕ್ಕೆ ತಂದು ಮತ್ತೆ ಕಟ್ಟಿದ್ರು. ಮೂರು ದಿನದಿಂದ ಸರಿಯಾಗಿ ಅನ್ನ ತಿಂದಿರದ ಚನ್ನಾಜಮ್ಮ ಪುಟ್ಟಮಾದು ಮನೆ ಜಗಲೀಲಿ ಕೂತು ಎರಡು ಮುದ್ದೆ ಉಂಡಳು. ಉಣ್ತಾ ಉಣ್ತಾ ಅತ್ತಳು, ಅಳ್ತಾ ಅಳ್ತಾ ನಕ್ಕಳು.

ಯುಗಾದಿಗೆ ಮೂವತ್ತೊಂಬತ್ತು ಮನೆಯ ಸಾಲ ಬಂತು. ಉಳಿದ ಒಂದು ಮನೇಲಿ ಬಾಣಂತನ, ಅವರು ಹದಿನೈದು ದಿನ ತಡವಾಗಿ ಕಟ್ಟಿದ್ರು. ಗುರುಮಲ್ಲಪ್ಪನೋರು ನಿವೃತ್ತಿ ಆಗೋ ದಿನ, ನನ್ನ ಕುರ್ಚೀಲಿ ಇವಳೇ ಕೂರಲಿ ಅಂತ ಊರೋರ ಮುಂದೆ ಹೇಳಿದ್ರು. ಅವಳು ಕೂತಳು, ಆದ್ರೆ ಮಧ್ಯಾಹ್ನದ ಮೇಲೆ ಮಾತ್ರ. ಬೆಳಗ್ಗೆ ಪೂರ್ತಿ ಹೊಲದಲ್ಲೇ ಇರ್ತಿದ್ದಳು. ಇವತ್ತಿಗೂ ಆ ಬ್ಯಾಂಕಲ್ಲಿ ಸಾಲ ಕೇಳೋಕೆ ಹೋದ್ರೆ ಮೊದಲು ಕೇಳೋ ಮಾತು ಒಂದೇ: ಏನು ಬೆಳೀತೀರಿ, ಅದಕ್ಕೆ ಎಷ್ಟು ದಿನ ಬೇಕು?

ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ನೆಮ್ಮದಿಯಾಗಿದ್ದೀವಿ. ನನ್ನ ಗಂಟಲು ಒಣಗಿತು, ಕತೆ ಮುಗಿಯಿತು. ಯಾರಾದ್ರೂ ಎದ್ದು ಒಂದು ಚೊಂಬು ನೀರು ಕೊಡಿ.