ತಳದ ಬೋಲ್ಟ್

ದೇವನಹಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಕೂಟರಿನ ಕನ್ನಡಿಗೆಂದು ಪ್ರಮೋದಾ ಕಾಯುತ್ತ ನಿಂತಿದ್ದಳು. ಅವಳ ಮುಂದೆ, ಅಂಗಿ ತುಂಬ ಎಣ್ಣೆಕಲೆ ಮಾಡಿಕೊಂಡ ಹಿರಿಯರೊಬ್ಬರು.

“ಅಮರ್, ಇನ್ನೊಂದ್ಸಲ ಗೇರ್ ಆಯಿಲ್ ಕೊಡಪ್ಪ.”

“ಬೆಳಿಗ್ಗೆ ತಾನೇ ತಗೊಂಡು ಹೋದ್ರಲ್ಲ, ಪಾಪಯ್ಯಣ್ಣ?”

“ಸುರಿದಿದ್ದೆಲ್ಲ ಕೆಳಕ್ಕೆ ಹೋಯ್ತು. ಹಳೇದನ್ನ ಇಳಿಸಿದ ಮೇಲೆ ತಳದ ಬೋಲ್ಟ್ ಹಾಕೋದೇ ಮರ್ತಿದ್ದೆ.”

“ನೀವಾ? ಇಷ್ಟು ವರ್ಷದಿಂದ ಮನೇಲೇ ಮಾಡ್ಕೋತೀರಿ!”

“ಕಾರಿನ ಕೆಳಗೆ ನಾನು, ಮೇಲಿಂದ ಸುರಿಯೋಳು ನಮ್ಮೋಳು. ‘ಬೋಲ್ಟ್ ಹಾಕಿದ್ರಾ?’ ಅಂತ ಕೇಳದೆ ಒಂದು ತೊಟ್ಟೂ ಸುರೀತಿರ್ಲಿಲ್ಲ. ಅವಳು ತೀರಿಕೊಂಡ ಮೇಲೆ ಇದೇ ಮೊದಲು ಕಣಪ್ಪ.”

ಅಮರ್ ಡಬ್ಬ ತಂದಿಟ್ಟ. ಪ್ರಮೋದಾ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

“ಗ್ಯಾರೇಜಿಗೆ ಬಿಟ್ಬಿಡಿ ಅಣ್ಣ,” ಎಂದ ಅಮರ್.

“ಬಿಟ್ಟು ಮನೇಲಿ ಏನ್ ಮಾಡ್ಲಿ?”

“ಹಂಗಾದ್ರೆ ಸುರಿಯೋಕ್ ಮುಂಚೆ ನಂಗೊಂದು ಫೋನ್ ಮಾಡಿ. ಬೋಲ್ಟ್ ಹಾಕಿದ್ರಾ ಅಂತ ನಾನು ಕೇಳ್ತೀನಿ.”

ಪಾಪಯ್ಯ ಡಬ್ಬವನ್ನು ಕಂಕುಳಿಗೆ ಸೇರಿಸಿ ಮೆಟ್ಟಿಲಿಳಿದರು. ರಸ್ತೆಗೆ ಕಾಲಿಡುವ ಮುಂಚೆ ತಿರುಗಿದರು.

“ಎರಡೆರಡು ಸಲ ಕೇಳ್ಬೇಕು ಕಣಪ್ಪ. ಮೊದಲ್ನೇ ಸಲ ನಾನು ಸುಮ್ನೆ ಹೂಂ ಅಂದ್ಬಿಡ್ತೀನಿ.”