ಕೇಳಿದ್ದು ನಾಲ್ಕೇ ಸಾಲು

ಹಲೋ... ಯಾರು ಮಾತಾಡ್ತಿರೋದು?... ಹಲೋ? ಯಾರ ನಂಬರಿದು?... ಸರಿಯಾಗಿ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ ಹೇಳಿ...

...ಯಾರು, ಗುಬ್ಬೀನಾ? ನಿನ್ನ ದನಿ ಗುರುತೇ ಸಿಗಲಿಲ್ಲವಲ್ಲೇ. ಯಾರ ಫೋನಿದು?... ಹಾಂ, ನರ್ಸಮ್ಮನದ್ದು. ನಿನ್ನದೆಲ್ಲಿ?... ಸರಿ ಸರಿ, ವಾರ್ಡಿನೊಳಗೆ ತರಬಾರದು ಅಂದ್ರು ಅಂತ ಕೆಳಗೆ ಬೀಗ ಹಾಕಿಟ್ಟಿದ್ದೀಯ. ಎಲ್ಲರೂ ಜೇಬಲ್ಲಿ ಇಟ್ಕೊಂಡು ಓಡಾಡ್ತಾರೆ, ನೀನೊಬ್ಬಳೇ ಪಾಲಿಸೋಳು... ತಡಿ, ಒಂದು ನಿಮಿಷ. ರೀ, ಆ ಟೀವಿ ಸ್ವಲ್ಪ ಕಡಿಮೆ ಮಾಡ್ತೀರಾ? ನನ್ನ ಹಳೇ ವಿದ್ಯಾರ್ಥಿನಿ ಫೋನು... ಹಾಂ, ಈಗ ಹೇಳು.

...ಅಳ್ತಿದ್ದೀಯಾ?... ಅಳ್ತಿಲ್ಲ ಅಂತ ಅಳ್ತಾನೇ ಹೇಳ್ತಿದ್ದೀಯಲ್ಲ. ಏನಾಯ್ತು?... ಮೆಟ್ಟಿಲ ಮೇಲೆ ಕೂತಿದ್ದೀಯಾ? ಕೂತ್ಕೋ, ಕೂತ್ಕೋ. ಮೊದಲು ಒಂದು ಉಸಿರು ಬಿಡು. ನಾನೆಲ್ಲೂ ಓಡಿ ಹೋಗಲ್ಲ. ತರಕಾರಿ ಹೆಚ್ತಿದ್ದೆ, ಚಾಕು ಕೆಳಗಿಟ್ಟೆ.

...ಯಾರು? ಮೂಲೆ ಮಂಚದ ಬಸ್ ಡ್ರೈವರಾ?... ಹೋದ ವಾರ ಹೇಳ್ತಿದ್ದೆಯಲ್ಲ, ಗಂಟಲಲ್ಲಿ ಗಡ್ಡೆ, ದನಿ ಪೂರಾ ಹೋಗಿದೆ, ಡಾಕ್ಟರು ಕೈ ಚೆಲ್ಲಿದ್ದಾರೆ ಅಂತ. ಮಾತಾಡೋಕಾಗದೆ ಸ್ಲೇಟಿನ ಮೇಲೆ ಬರೀತಾರೆ, ನಿನ್ನನ್ನ 'ಕಂಡಕ್ಟರಮ್ಮ' ಅಂತ ಬರೆದು ಗೋಳು ಹುಯ್ಕೋತಾರೆ ಅಂತ ನಗ್ತಿದ್ದೆ... ಹೋಗಿಬಿಟ್ರಾ?... ಇನ್ನೂ ಇಲ್ಲ. ಉಸಿರಿದೆ... ಹಾಂ. ಬೆಳಗಿಂದ ಕಣ್ಣೇ ಬಿಟ್ಟಿಲ್ಲ. ಅಯ್ಯೋ ಪಾಪ.

...ಮಗಳು ಬಂದಿದ್ದಾಳಾ?... ಒಳ್ಳೇದಾಯ್ತು. ಹತ್ತಿರದೋರು ಒಬ್ಬರಾದ್ರೂ ಇರಬೇಕು... ಅಲ್ಲ ಗುಬ್ಬಿ, ಕೌನ್ಸೆಲರ್ ಅಂತ ಆ ಆಸ್ಪತ್ರೆ ಸೇರಿದ ಮೇಲೆ ಎಷ್ಟು ಜನರ ಮಂಚದ ಪಕ್ಕ ಕೂತಿಲ್ಲ ನೀನು? ಇವತ್ಯಾಕೆ ಹೀಗೆ?... ಏನು? ನೀನೇನು ತಪ್ಪು ಮಾಡಿದೆ?... ನಿಧಾನ, ನಿಧಾನ. ನಿನ್ನೆ ಅವರೇನು ಕೇಳಿದ್ರು?

...ಪ್ರಾರ್ಥನೇನಾ?... ಯಾವುದು, ಮಲಗೋ ಮುಂಚೆ ಮಕ್ಕಳಿಗೆ ಹೇಳಿಕೊಡ್ತಾರಲ್ಲ, ಅದಾ? ನಾಲ್ಕು ಸಾಲಿಂದು?... ಹಾಂ, ಗೊತ್ತು. ಬೇಕಾದಷ್ಟು ಮನೇಲಿ ಹೇಳ್ತಾರೆ... 'ನಮ್ಮಮ್ಮ ಹೇಳ್ತಿದ್ಲು, ನನಗೆ ಮರೆತುಹೋಗಿದೆ, ನಿನಗೆ ಬರುತ್ತಾ?' ಅಂತ ಬರೆದು ತೋರಿಸಿದ್ರಾ... ಅವರು ದೇವರ ಗೊಡವೆಗೆ ಹೋಗೋ ಮನುಷ್ಯ ಅಲ್ಲ ಅಂತ ಹೇಳಿದ್ದೆಯಲ್ಲ... ಹೌದು, ಅಂಥ ಹೊತ್ತಲ್ಲಿ ಏನೇನು ನೆನಪಾಗುತ್ತೋ. ನಿನಗೆ ಬರುತ್ತಾ?... ಪೂರ್ತಿ ಬರುತ್ತೆ. ದಿನಾ ಹೇಳ್ತೀಯ. ಅದು ನನಗೆ ಗೊತ್ತಿರಲಿಲ್ಲ.

...ನೀನೇನಂದೆ?... 'ಈ ಪ್ರಾರ್ಥನೆ ನಿಮಗೆ ಈಗ ಯಾಕೆ ಮುಖ್ಯ ಅನ್ನಿಸ್ತಿದೆ' ಅಂತ ಕೇಳಿದೆ... ಸರಿಯಾಗೇ ಕೇಳಿದ್ದೀಯ. ನಾನು ಕಲಿಸಿದ್ದೇ ಅದು. ಆಮೇಲೆ?... ವಾರಕ್ಕೊಮ್ಮೆ ಪ್ರಾರ್ಥನೆ ಮಾಡಿಸೋರು ಬರ್ತಾರೆ, ಅವರಿಗೆ ಹೇಳಿಡ್ತೀನಿ ಅಂದೆ... ಅದೂ ಸರಿ. ಅದಕ್ಕೆ ಅವರು?... ಸ್ಲೇಟು ಒರೆಸಿಬಿಟ್ರಾ... ಅಂಗೈಯಲ್ಲೇ ಒರೆಸಿ, ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಹಾಂ... ಆಮೇಲೆ ಏಳಲೇ ಇಲ್ಲ.

...

...ಗುಬ್ಬಿ, ಕೇಳಿಲ್ಲಿ. ನೀನು ತಪ್ಪು ಮಾಡಿಲ್ಲ. ಚಪ್ಪಲಿ ಬಾಗಿಲಾಚೆ ಬಿಡೋ ಹಾಗೆ ನಿಮ್ಮ ನಿಮ್ಮ ದೇವರನ್ನೂ ಬಾಗಿಲಾಚೆ ಬಿಟ್ಟು ಒಳಗೆ ಬನ್ನಿ ಅಂತ ಕ್ಲಾಸಿನ ಮೊದಲನೇ ದಿನವೇ ಹೇಳಿದ್ದೆ, ಅಲ್ವಾ? ಅದನ್ನ ಸುಮ್ನೆ ಹೇಳಿದ್ದಲ್ಲ. ನಾನು ಕೆಲಸ ಕಲೀತಿದ್ದಾಗ ಒಬ್ಬರು ಹಿರಿಯರಿದ್ರು. ಬೆಣ್ಣೆಯಂಥ ಮಾತು. ಗಂಡನ ಕೈಲಿ ಹೊಡೆಸಿಕೊಂಡು ಮುಖ ಊದಿಸ್ಕೊಂಡು ಒಬ್ಬಳು ಬಂದ್ಲು. ಅವಳಿಗೆ, 'ದೇವರು ಪರೀಕ್ಷೆ ಮಾಡ್ತಿದ್ದಾನೆ, ತಾಳ್ಕೋ ತಾಯಿ' ಅಂತ ಹೇಳಿ, ಕಣ್ಣು ಮುಚ್ಚಿಸಿ ಪ್ರಾರ್ಥನೆ ಮಾಡಿಸಿ, ಅದೇ ಮನೆಗೆ ವಾಪಸ್ ಕಳಿಸಿದ್ರು. ಅವಳು ತಿರುಗಿ ಬರಲೇ ಇಲ್ಲ. ಎಲ್ಲಿ ಹೋದ್ಲೋ, ಏನಾದ್ಲೋ. ಅವತ್ತಿಂದ ಕೌನ್ಸೆಲಿಂಗ್ ಕೋಣೇಲಿ ದೇವರ ಹೆಸರು ಕೇಳಿದ್ರೆ ನನಗೆ ಮೈಯೆಲ್ಲಾ ಉರಿಯುತ್ತೆ.

...ಇದು ಬೇರೆ ಅಂತ ನನಗೂ ಗೊತ್ತು ಕಣೇ... ಅವರೇ ಬಾಯಿಬಿಟ್ಟು ಕೇಳಿದ್ರು, ಬಾಯಿಲ್ಲದಿದ್ರೂ ಕೇಳಿದ್ರು. ನೀನು ಹೇರಲಿಲ್ಲ. ಒಪ್ಕೋತೀನಿ. ಆದರೆ ಇವತ್ತು ಕೇಳಿದವರಿಗೆ ಹೇಳ್ತೀಯ, ನಾಳೆ ಪಕ್ಕದ ಮಂಚದವರು ಕೇಳದಿದ್ರೂ ಹೇಳ್ಬೇಕು ಅನ್ಸುತ್ತೆ. ಒಂದು ಸಲ ಸಡಿಲ ಬಿಟ್ರೆ ಆಮೇಲೆ ಎಲ್ಲಿ ನಿಲ್ಲಿಸ್ತೀಯ?

...ಈಗ ಯಾರು ಕೇಳ್ತಿರೋದು? ಮಗಳಾ?... ಅವಳಿಗೆ ಹೇಗೆ ಗೊತ್ತಾಯ್ತು?... ಪಕ್ಕದ ಮಂಚದವರು ನಿನ್ನೆ ಕೇಳಿಸ್ಕೊಂಡಿದ್ರು, ಹೇಳಿಬಿಟ್ರು. ಹೂಂ. ಅವಳಿಗೆ ಬರಲ್ವಂತಾ?... ಅಪ್ಪ ಕಲಿಸಲೇ ಇಲ್ಲ... 'ನಿಮಗೆ ಬಂದ್ರೆ ನೀವೇ ಹೇಳಿ ಅಕ್ಕ' ಅಂದ್ಲಾ. ಅದಕ್ಕೆ ನೀನು ಹೌದೂ ಅನ್ನದೆ, ಇಲ್ಲಾನೂ ಅನ್ನದೆ, ಎದ್ದು ಬಂದು ಮೆಟ್ಟಿಲ ಮೇಲೆ ಕೂತಿದ್ದೀಯ... ನನ್ನ ಅಪ್ಪಣೆ ಕೇಳೋಕಾ?

...ಆ ಪ್ರಾರ್ಥನೆಯೋರು ಯಾವಾಗ ಬರ್ತಾರಂತೆ?... ಸಂಜೆ. ನರ್ಸು ಏನಂತಾರೆ?... ಸಂಜೆವರೆಗೂ ಕಷ್ಟ. ಹಾಂ...

...ಏನಂದೆ? ಇನ್ನೊಂದ್ಸಲ ಹೇಳು... ಅವರು ಒಂದು ಹಳೇ ಸಿನಿಮಾ ಹಾಡು ಕೇಳಿದ್ದಿದ್ರೆ?... ಹಾಡು ಬೇರೆ, ಇದು ಬೇರೆ.

...ಹೇಗೆ ಬೇರೆ ಅಂದ್ರೆ... ಹಾಡು ಅಂದ್ರೆ...

...



...ಹಾಡಿ ಬಾ ಅಂತಿದ್ದೆ. ಸುಳ್ಳು ಯಾಕೆ ಹೇಳಲಿ? ಬೇಸೂರಾದ್ರೂ ಪರವಾಗಿಲ್ಲ, ಹಾಡು ಅಂತಿದ್ದೆ. ನಿನ್ನ ಕ್ಲಾಸಿನ ಆ ಉದ್ದನೆ ಹುಡುಗ ಸಾಯೋ ಮನುಷ್ಯನಿಗೆ ಪೇಪರಿನ ಆಟದ ಪುಟ ಓದಿ ಹೇಳಿದ ಅಂತ ನಿಮ್ಮೆಲ್ಲರೆದುರೂ ಬೆನ್ನು ತಟ್ಟಿದ್ದೆ. ಆಟ ಆಗಬಹುದು, ಹಾಡು ಆಗಬಹುದು, ಇದೊಂದು ಮಾತ್ರ ಆಗಬಾರದು. ನಿಮಗೆಲ್ಲ ದೇವರನ್ನ ಹೊರಗಿಟ್ಟು ಬನ್ನಿ ಅಂತ ಹೇಳಿ, ದೇವರೇ ಇಲ್ಲ ಅನ್ನೋ ನನ್ನ ನಂಬಿಕೇನ ಮಾತ್ರ ನಾನು ಒಳಗೇ ಕುರ್ಚಿ ಹಾಕಿ ಕೂರಿಸಿದ್ದೆ... ನೀನು ಹಾಗನ್ನಲಿಲ್ಲ, ಗೊತ್ತು. ನಾನೇ ಅಂತಿದ್ದೀನಿ.

...ಏಳು ಅಲ್ಲಿಂದ... ಏಳು ಅಂದೆ. ಅಳಬೇಡ ಅನ್ನಲ್ಲ, ನಡೀತಾ ಅಳು.

...ಎಚ್ಚರ ಇದ್ದಾಗ ಕೇಳಿದ್ದನ್ನ ಈಗ ಕೊಟ್ಟು ಏನು ಬಂತು ಅಂತೀಯಾ... ಗೊತ್ತಿಲ್ಲ ಗುಬ್ಬಿ. ಕಿವಿಗೆ ಬೀಳುತ್ತೋ ಇಲ್ವೋ, ಆಣೆ ಮಾಡಿ ಹೇಳೋಕಾಗಲ್ಲ. ನಿನ್ನೆ ಹೇಳಿದ್ದಿದ್ರೆ ಕೇಳಿಸ್ಕೊಂಡು ನೆಮ್ಮದಿಯಾಗಿ ಮಲಗೋರು. ಅದು ಹೋಯ್ತು. ಅದನ್ನ ನೀನೂ ವಾಪಸ್ ತರೋಕಾಗಲ್ಲ, ನಾನೂ ತರೋಕಾಗಲ್ಲ... ಆ ಮನುಷ್ಯನ ಮುಖ ಕೂಡ ನಾನು ನೋಡಿಲ್ಲ. ನೋಡದೇನೇ ಬೇಡ ಅಂದುಬಿಟ್ಟೆ.

...ಒಳಗೆ ಬಂದ್ಯಾ?... ಮಗಳು ಅಲ್ಲೇ ಇದ್ದಾಳಾ? ಅಪ್ಪನ ಕೈ ಹಿಡ್ಕೊಳ್ಳೋಕೆ ಹೇಳು... ಉಸಿರು ನಿಂತು ನಿಂತು ಬರ್ತಿದೆಯಾ? ಹಾಂ... ಹಾಂ. ಹಾಗಾದ್ರೆ ತಡ ಮಾಡಬೇಡ... ಫೋನು ಸ್ಪೀಕರಿಗೆ ಹಾಕಿ ದಿಂಬಿನ ಪಕ್ಕ ಇಡು. ನಾನು ಮಾತಾಡಲ್ಲ, ಸುಮ್ನೆ ಜೊತೆಗಿರ್ತೀನಿ. ನೀನು ಬೇರೇನೂ ಸೇರಿಸಬೇಡ. ಸಮಾಧಾನ ಬೇಡ, ಕ್ಷಮಿಸಿ ಅನ್ನೋದೂ ಬೇಡ. ಅವರು ಕೇಳಿದ ನಾಲ್ಕು ಸಾಲು ಹೇಳು. ಮಗೂನ ಮಲಗಿಸೋವಾಗ ಹೇಳ್ತಾರಲ್ಲ, ಹಾಗೆ.

...

...ಹಾಂ. ಕೇಳಿಸ್ತಿದೆ.

...

...ಯಾಕೆ ನಿಲ್ಲಿಸಿದೆ?... ಗುಬ್ಬಿ?... ದಿನಾ ಹೇಳೋದೇ ಮರೆತುಹೋಯ್ತಾ... ಇರಲಿ, ಇರಲಿ, ಗಾಬರಿಯಾಗಬೇಡ. 'ಹಗಲೆಲ್ಲ ಕಾದವನೇ, ಇರುಳೂ ಕಾಯಿ.' ಅದಾಯ್ತಲ್ಲ. 'ಮಾಡಿದ್ದು ಮುಗಿಯಿತು, ಉಳಿದದ್ದು ನಿನ್ನದು.' ಹಾಂ, ಹೇಳು... ಸರಿ. 'ಮುನಿದವರ ಮುನಿಸು ಮರೆಸು, ನನ್ನದೂ ಮರೆಸು...' ಮಗಳೂ ಹೇಳ್ತಿದ್ದಾಳಾ? ಹೇಳಲಿ.

...ಇಲ್ಲ, ಇನ್ನೊಂದಿದೆ, ಕೊನೇದು. ತಡಿ... ನಮ್ಮಮ್ಮ ದೀಪ ಆರಿಸಿದ ಮೇಲೇ ಅದನ್ನ ಹೇಳೋಳು, ಕತ್ತಲಲ್ಲಿ, ನನ್ನ ಬೆನ್ನು ಸವರ್ತಾ... ಹಾಂ. 'ಕತ್ತಲಲ್ಲಿ ನಾನೊಬ್ಬನೇ, ಬಳಿಯಲ್ಲೇ ಇರು.' ಅವರ ಕಿವಿ ಹತ್ರ ಬಗ್ಗಿ ಹೇಳು. 'ಬಳಿಯಲ್ಲೇ ಇರು.'

...ಗುಬ್ಬಿ?... ಹೇಳಿದ್ಯಾ?... ಹಲೋ?... ಲೈನು ಕಟ್ಟಾಯ್ತಾ? ಆ ಕೊನೇ ಸಾಲು ಕೇಳಿಸ್ತಾ ನಿನಗೆ?... ಬಳಿಯಲ್ಲೇ ಇರು, ಬಳಿಯಲ್ಲೇ... ಹಲೋ... ಹಲೋ...